ಹೊಸ ಒಲೆ, ಅದೇ ಬೂದಿ: ಪರಮಾಣು ತ್ಯಾಜ್ಯದ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

‘ಮುಂದಿನ ಪೀಳಿಗೆಯ ರಿಯಾಕ್ಟರ್‌ಗಳು ತ್ಯಾಜ್ಯವನ್ನೇ ತಿಂದು ವಿದ್ಯುತ್ ಕೊಡುತ್ತವೆ’ ಎಂಬ ಸಾಲನ್ನು ಮೊದಲು ಓದಿದಾಗ ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಈಗ ಅದಕ್ಕೆ ಅಡ್ಡಗೆರೆ ಎಳೆದಿದ್ದೇನೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಯಾವುದನ್ನು ತಿನ್ನುತ್ತದೆ, ಯಾವುದನ್ನು ತಟ್ಟೆಯಲ್ಲೇ ಬಿಡುತ್ತದೆ ಎಂದು ಹೇಳದಿದ್ದರೆ ಪರೀಕ್ಷೆಯಲ್ಲಿ ಅರ್ಧ ಅಂಕವೂ ಸಿಗುವುದಿಲ್ಲ.

ಬಳಸಿದ ಇಂಧನದಲ್ಲಿ ಏನಿರುತ್ತದೆ ಎಂಬುದರಿಂದ ಶುರು ಮಾಡೋಣ. ಸಾಮಾನ್ಯ ನೀರಿನ ರಿಯಾಕ್ಟರ್‌ನಿಂದ ಹೊರತೆಗೆದ ಇಂಧನದಲ್ಲಿ ಸುಮಾರು ಶೇ 95 ಯುರೇನಿಯಂ ಹಾಗೆಯೇ ಉಳಿದಿರುತ್ತದೆ. ಪ್ಲುಟೋನಿಯಂ ಸುಮಾರು ಶೇ 1. ಪರಮಾಣು ಸೀಳಿದಾಗ ಹುಟ್ಟಿದ ಚೂರುಗಳು, ಅಂದರೆ ಸೀಸಿಯಂ, ಸ್ಟ್ರಾಂಶಿಯಂ, ಅಯೋಡಿನ್ ಮುಂತಾದ ವಿದಳನ ಉತ್ಪನ್ನಗಳು, ಶೇ 3ರಿಂದ 4. ಯುರೇನಿಯಂಗಿಂತ ಭಾರವಾದ ನೆಪ್ಚೂನಿಯಂ, ಅಮೆರಿಸಿಯಂ, ಕ್ಯೂರಿಯಂ ಸೇರಿ ಶೇ 0.1ರ ಆಸುಪಾಸು. ನಮ್ಮ ಕೈಗಾದ ಭಾರಜಲ ರಿಯಾಕ್ಟರ್‌ಗಳು ಸಹಜ ಯುರೇನಿಯಂ ಬಳಸುವುದರಿಂದ ಅಲ್ಲಿನ ಲೆಕ್ಕ ಬೇರೆ; ಶೇ 98ಕ್ಕಿಂತ ಹೆಚ್ಚು ಯುರೇನಿಯಂ ಉಳಿದೇ ಇರುತ್ತದೆ. ಒಲೆಯಿಂದ ಎಳೆದಿಟ್ಟ ಕೊಳ್ಳಿಯನ್ನು ನೆನಪಿಸಿಕೊಳ್ಳಿ. ತುದಿ ಮಾತ್ರ ಸುಟ್ಟಿದೆ, ಸೌದೆ ಹಾಗೇ ಇದೆ. ಹೋಲಿಕೆ ಒಂದು ಕಡೆ ತಪ್ಪುತ್ತದೆ: ಇಲ್ಲಿ ಸೌದೆಗಿಂತ ಬೂದಿಯೇ ಹೆಚ್ಚು ಸುಡುತ್ತದೆ.

ಈ ಬೂದಿಯಲ್ಲಿ ಎರಡು ಜಾತಿ: ಬೇಗ ಕ್ಷಯಿಸುವುದು, ನಿಧಾನವಾಗಿ ಕ್ಷಯಿಸುವುದು. ಸೀಸಿಯಂ-137ರ ಅರ್ಧಾಯು (ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ) 30 ವರ್ಷ, ಸ್ಟ್ರಾಂಶಿಯಂ-90ರದ್ದು ಸುಮಾರು 29. ಹತ್ತು ಅರ್ಧಾಯು ಕಳೆದರೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು. ಅಂದರೆ 300 ವರ್ಷ ಕಾಯಬೇಕು. ಮುನ್ನೂರು ವರ್ಷದ ಹಿಂದೆ ಮಲೆನಾಡನ್ನು ಕೆಳದಿಯ ನಾಯಕರು ಆಳುತ್ತಿದ್ದರು. ಅಷ್ಟು ದೂರವನ್ನು ನಾವು ಊಹಿಸಬಲ್ಲೆವು. ಪ್ಲುಟೋನಿಯಂ-239ರ ಅರ್ಧಾಯು 24,100 ವರ್ಷ. ಹಲ್ಮಿಡಿ ಶಾಸನ ಕೆತ್ತಿ ಇಂದಿಗೆ ಎಷ್ಟು ಕಾಲವಾಯಿತೋ ಅದರ ಹದಿನೈದು ಪಟ್ಟು ಕಳೆದರೂ ಅದು ಅರ್ಧಕ್ಕಷ್ಟೇ ಇಳಿಯುತ್ತದೆ.

ನಾನು ಬಹಳ ದಿನ ಎಡವಿದ ಜಾಗ ಇದು: ಅರ್ಧಾಯು ದೊಡ್ಡದಿದ್ದರೆ ವಸ್ತು ಹೆಚ್ಚು ಉಗ್ರ ಎಂದುಕೊಂಡಿದ್ದೆ. ತಿರುಗುಮುರುಗು. ಬೇಗ ಕ್ಷಯಿಸುವುದೇ ಕ್ಷಣಕ್ಷಣಕ್ಕೂ ಹೆಚ್ಚು ವಿಕಿರಣ ಸೂಸುತ್ತದೆ. ಸೀಸಿಯಂ ಇಂದಿನ ಅಪಾಯ, ಪ್ಲುಟೋನಿಯಂ ನಾಳೆಯ ತಲೆನೋವು.

ಈಗ ಹೊಸ ರಿಯಾಕ್ಟರ್‌ಗಳ ವಿಷಯ. ಸಾಮಾನ್ಯ ರಿಯಾಕ್ಟರ್‌ನಲ್ಲಿ ನೀರು ನ್ಯೂಟ್ರಾನ್‌ಗಳ, ಅಂದರೆ ಪರಮಾಣುವನ್ನು ಸೀಳುವ ಕಣಗಳ, ವೇಗವನ್ನು ತಗ್ಗಿಸುತ್ತದೆ. ನಿಧಾನದ ನ್ಯೂಟ್ರಾನ್ ಅಮೆರಿಸಿಯಂನಂಥ ಪರಮಾಣುವಿಗೆ ತಾಗಿದರೆ ಅದು ಹೆಚ್ಚಾಗಿ ಸೀಳುವುದಿಲ್ಲ. ನ್ಯೂಟ್ರಾನನ್ನು ನುಂಗಿ ಇನ್ನೂ ಭಾರವಾಗುತ್ತದೆ. ವೇಗದ ನ್ಯೂಟ್ರಾನ್ ತಾಗಿದರೆ ಸೀಳುವ ಸಾಧ್ಯತೆ ಬಹಳ ಹೆಚ್ಚು. ಸೀಳಿದರೆ ಲಕ್ಷಾಂತರ ವರ್ಷದ ಗಂಟು ಬಹುಪಾಲು ಮುನ್ನೂರು ವರ್ಷದ ಗಂಟಾಗುತ್ತದೆ. ‘ತ್ಯಾಜ್ಯ ತಿನ್ನುತ್ತದೆ’ ಎಂಬ ಮಾತಿನ ತಿರುಳು ಇಷ್ಟೇ. ಸೀಳಿದ ಮೇಲೆ ವಿದಳನ ಉತ್ಪನ್ನ ಹುಟ್ಟಲೇಬೇಕು. ಯಾವ ಒಲೆಯಲ್ಲಿ ಉರಿಸಿದರೂ ಅಷ್ಟೇ ಶಕ್ತಿಗೆ ಹೆಚ್ಚುಕಡಿಮೆ ಅಷ್ಟೇ ಬೂದಿ. ಆ ಬೂದಿಯಲ್ಲೂ ಹಟಮಾರಿಗಳಿವೆ: ಟೆಕ್ನೀಷಿಯಂ-99ರ ಅರ್ಧಾಯು 2 ಲಕ್ಷ ವರ್ಷಕ್ಕೂ ಹೆಚ್ಚು, ಅಯೋಡಿನ್-129ರದ್ದು 1.5 ಕೋಟಿ ವರ್ಷಕ್ಕೂ ಹೆಚ್ಚು. ಎಲ್ಲರೂ ಹೆದರುವ ಪ್ಲುಟೋನಿಯಂ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಅಯೋಡಿನ್ ಸಲೀಸಾಗಿ ನೀರಿನ ಜೊತೆ ಹೊರಡುತ್ತದೆ. ಭೂಗತ ಸಂಗ್ರಹದ ಸುರಕ್ಷತೆಯ ಅನೇಕ ಲೆಕ್ಕಾಚಾರಗಳಲ್ಲಿ ಕೊನೆಗೆ ಮುಂದೆ ನಿಲ್ಲುವುದು ಇಂಥವೇ.

ತಿನ್ನಿಸುವುದೂ ಸುಲಭವಲ್ಲ. ಒಂದು ಸಲ ಉರಿಸಿದರೆ ಮುಗಿಯುವುದಿಲ್ಲ. ಹೊರತೆಗೆದು, ಕರಗಿಸಿ, ಬೇರ್ಪಡಿಸಿ, ಮತ್ತೆ ಮತ್ತೆ ತುಂಬಬೇಕು. ವೇಗದ ನ್ಯೂಟ್ರಾನ್ ಬಳಸುವ ಈ ‘ವೇಗದ ರಿಯಾಕ್ಟರ್’ಗಳಿಗೆ ನೀರಿನ ಬದಲು ಸಾಮಾನ್ಯವಾಗಿ ದ್ರವ ಸೋಡಿಯಂ ಶೀತಕ (ಶಾಖ ಹೊತ್ತೊಯ್ಯುವ ದ್ರವ). ಅದು ಗಾಳಿ ತಾಗಿದರೆ ಉರಿಯುತ್ತದೆ, ನೀರು ತಾಗಿದರೆ ಸಿಡಿಯುತ್ತದೆ. ಜಪಾನಿನ ಮೋಂಜು ಎಂಬ ವೇಗದ ರಿಯಾಕ್ಟರಿನಲ್ಲಿ 1995ರಲ್ಲಿ ಸೋಡಿಯಂ ಸೋರಿ ಬೆಂಕಿ ಹತ್ತಿತು. ಆಮೇಲೆ ಅದು ಸರಿಯಾಗಿ ಓಡಲೇ ಇಲ್ಲ, 2016ರಲ್ಲಿ ಮುಚ್ಚಲು ತೀರ್ಮಾನವಾಯಿತು. ಕಲ್ಪಾಕ್ಕಂನ 500 ಮೆಗಾವ್ಯಾಟ್ ಮಾದರಿ ವೇಗದ ರಿಯಾಕ್ಟರ್‌ನ ನಿರ್ಮಾಣ ಆರಂಭವಾದದ್ದು 2004ರಲ್ಲಿ, ಒಡಲು (ಇಂಧನ ಇರುವ ನಡುಭಾಗ) ತುಂಬುವ ಕೆಲಸಕ್ಕೆ ಕೈಹಾಕಿದ್ದು 2024ರ ಮಾರ್ಚ್‌ನಲ್ಲಿ. ಇನ್ನೊಂದು ಕಡೆ ರಷ್ಯಾದ ವೇಗದ ರಿಯಾಕ್ಟರ್ ಬಿಎನ್-800 ಹಲವು ವರ್ಷಗಳಿಂದ ವಿದ್ಯುತ್ ಕೊಡುತ್ತಿದೆ. ಹಾಗಾಗಿ ‘ಆಗದ ಕೆಲಸ’ ಎಂದು ಬರೆಯಬೇಡಿ. ‘ದುಬಾರಿ, ನಿಧಾನ’ ಎಂದು ಬರೆಯಿರಿ.

ಕರಗಿದ ಲವಣದ ರಿಯಾಕ್ಟರ್ (ಇಂಧನವನ್ನು ಬಿಸಿ ದ್ರವ ಲವಣದಲ್ಲೇ ಬೆರೆಸಿಡುವ ವಿನ್ಯಾಸ) ಬಗ್ಗೆ ಉತ್ಸಾಹ ಇರುವವರು ಅಮೆರಿಕದ ಓಕ್ ರಿಡ್ಜ್ ಪ್ರಯೋಗದ ಕಥೆಯ ಎರಡನೇ ಭಾಗವನ್ನೂ ಓದಬೇಕು. ಅದು ಓಡಿದ್ದು 1965ರಿಂದ 1969ರವರೆಗೆ, ನಾಲ್ಕೇ ವರ್ಷ. ಇಂಧನದ ಲವಣವನ್ನು ತೊಟ್ಟಿಗಳಲ್ಲಿ ಹಾಗೇ ಬಿಟ್ಟರು. ಅದರದೇ ವಿಕಿರಣದಿಂದ ಲವಣದೊಳಗಿನ ಫ್ಲೋರಿನ್ ಬಿಡುಗಡೆಯಾಗಿ, ಯುರೇನಿಯಂ ಅನಿಲರೂಪದಲ್ಲಿ ಕೊಳವೆಗಳಿಗೆ ಸರಿದಿರುವುದು 1994ರಲ್ಲಿ ಗೊತ್ತಾಯಿತು. ಆ ಯುರೇನಿಯಂ ತೆಗೆದು ಮುಗಿಸುವ ಹೊತ್ತಿಗೆ 2008 ಬಂದಿತ್ತು.

ಚಿಕ್ಕ ರಿಯಾಕ್ಟರ್‌ಗಳ ವಿಷಯ ಚುಟುಕಾಗಿ: ಒಡಲು ಸಣ್ಣದಾದಷ್ಟೂ ಹೆಚ್ಚು ನ್ಯೂಟ್ರಾನ್ ಹೊರಗೆ ಸೋರುತ್ತದೆ, ಸುತ್ತಲಿನ ಉಕ್ಕೂ ವಿಕಿರಣಶೀಲವಾಗುತ್ತದೆ. ಕೆಲವು ವಿನ್ಯಾಸಗಳಲ್ಲಿ ಒಟ್ಟು ತ್ಯಾಜ್ಯದ ಗಾತ್ರ ಹೆಚ್ಚಬಹುದು ಎಂದು 2022ರ ಒಂದು ಅಮೆರಿಕನ್ ಅಧ್ಯಯನ ಹೇಳಿತು. ತಯಾರಕರು ಅದನ್ನು ಒಪ್ಪಲಿಲ್ಲ.

ಅಂತೂ ಕೊನೆಗೆ ಹೂಳಬೇಕು. ಭಾರತದಲ್ಲಿ ಪುನರ್‌ಸಂಸ್ಕರಣೆಯ (ಬಳಸಿದ ಇಂಧನವನ್ನು ಕರಗಿಸಿ ಬೇರ್ಪಡಿಸುವ ಕೆಲಸ) ನಂತರ ಉಳಿದ ಉಗ್ರ ದ್ರವವನ್ನು ಗಾಜಿನೊಳಗೆ ಸೇರಿಸಿ ಗಟ್ಟಿ ಮಾಡುತ್ತಾರೆ; ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ಈ ಘಟಕಗಳಿವೆ. ಅದೇ ದ್ರವದಿಂದ ಸೀಸಿಯಂ ತೆಗೆದು, ರೋಗಿಗಳಿಗೆ ಕೊಡುವ ರಕ್ತವನ್ನು ವಿಕಿರಣಕ್ಕೆ ಒಡ್ಡುವ ಯಂತ್ರಗಳಿಗೂ ಬಳಸುತ್ತಾರೆ. ಫಿನ್ಲೆಂಡ್ ಬಳಸಿದ ಇಂಧನವನ್ನೇ ತಾಮ್ರದ ಡಬ್ಬಿಯಲ್ಲಿಟ್ಟು, ಸುತ್ತ ಬೆಂಟೋನೈಟ್ ಜೇಡಿ ತುಂಬಿ, ಓಂಕಾಲೊದಲ್ಲಿ 400 ಮೀಟರಿಗಿಂತ ಆಳದ ಬಂಡೆಯಲ್ಲಿ ಇಡಲು ಸಿದ್ಧವಾಗಿದೆ. ಆ ಬಂಡೆಗೆ 190 ಕೋಟಿ ವರ್ಷ.

ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಹಿಂದೆ ಸುಮಾರು 1,000 ಮೀಟರ್ ಆಳದಲ್ಲಿ ಹೀಟರ್‌ಗಳನ್ನಿಟ್ಟು, ಬಿಸಿಗೆ ಬಂಡೆ ಹೇಗೆ ವರ್ತಿಸುತ್ತದೆ ಎಂದು ಅಳೆದಿದ್ದರು. ಇಟ್ಟದ್ದು ಬರೀ ಹೀಟರ್, ತ್ಯಾಜ್ಯವಲ್ಲ. 2012ರಲ್ಲಿ ಕೂಡಂಕುಳಂ ತ್ಯಾಜ್ಯ ಅಲ್ಲಿಗೆ ಬರಲಿದೆ ಎಂಬ ಸುದ್ದಿ ಹರಡಿದಾಗ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲ ಎಂದು ಸರ್ಕಾರ ಹೇಳಬೇಕಾಯಿತು. ಬಂಡೆಯ ಪರೀಕ್ಷೆಗಿಂತ ಊರಿನ ಒಪ್ಪಿಗೆ ಕಷ್ಟದ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ. ಪಠ್ಯದಲ್ಲಿ ಅದಕ್ಕೆ ಅರ್ಧ ಪುಟವೂ ಇಲ್ಲ.

ಅಭ್ಯಾಸಕ್ಕೆ ಒಂದು ಲೆಕ್ಕ. ಪ್ಲುಟೋನಿಯಂ-241ರ ಅರ್ಧಾಯು ಸುಮಾರು 14 ವರ್ಷ. ಅದು ಕ್ಷಯಿಸಿ 432 ವರ್ಷ ಅರ್ಧಾಯುವಿನ ಅಮೆರಿಸಿಯಂ-241 ಆಗುತ್ತದೆ. ಬಳಸಿದ ಇಂಧನವನ್ನು 28 ವರ್ಷ ತಣ್ಣಗಾಗಲು ನೀರಿನ ಕೊಳದಲ್ಲಿಟ್ಟರೆ ಎಷ್ಟು ಪಾಲು ಹಾಗೆ ಬದಲಾಗಿರುತ್ತದೆ? ಮುಕ್ಕಾಲು. ಪ್ಲುಟೋನಿಯಂ-241 ನಿಧಾನದ ನ್ಯೂಟ್ರಾನಿಗೂ ಸೀಳುವಂಥದ್ದು, ಅಮೆರಿಸಿಯಂ ಹಾಗಲ್ಲ. ಹಾಗಾದರೆ ವೇಗದ ರಿಯಾಕ್ಟರ್ ಇಪ್ಪತ್ತು ವರ್ಷ ತಡವಾದರೆ ಕಾಯುತ್ತಿರುವ ಇಂಧನಕ್ಕೆ ಏನಾಗುತ್ತದೆ ಎಂದು ನಾಲ್ಕು ಸಾಲಿನಲ್ಲಿ ಬರೆಯಿರಿ.