ಸರ್ವಿಸ್ ಆದ ಸರ್ವರ್ ಯಾರ ಹೆಸರಲ್ಲಿ ಓಡುತ್ತದೆ?

ವಿಂಡೋಸ್‌ನಲ್ಲಿ ಒಂದು ಕಾಮ್ (ಒಂದು ಪ್ರೋಗ್ರಾಂ ಇನ್ನೊಂದರ ಕೈಲಿ ಕೆಲಸ ಮಾಡಿಸಿಕೊಳ್ಳುವ ವಿಂಡೋಸ್ ವ್ಯವಸ್ಥೆ) ಸರ್ವರ್ ಅನ್ನು ಇಎಕ್ಸ್‌ಇ ಆಗಿ ಬರೆದು ರಿಜಿಸ್ಟರ್ ಮಾಡಿದರೆ, ಯಾವ ಪ್ರೋಗ್ರಾಂ ಕೇಳಿದರೂ ಅದು ತಾನಾಗಿ ಶುರುವಾಗುತ್ತದೆ. ತಕರಾರು ಬರುವುದು ಒಂದೇ ಮೆಷಿನ್‌ಗೆ ಇಬ್ಬರು ಲಾಗಿನ್ ಆದಾಗ. ಬೇರೇನೂ ಹೇಳದಿದ್ದರೆ ಸರ್ವರ್ ಓಡುವುದು ಕರೆದವರ ಹೆಸರಲ್ಲೇ. ಹಾಗಾಗಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಅದೇ ಹೆಸರಿನ ಎರಡು ಪ್ರೋಸೆಸ್ ಕಾಣುತ್ತವೆ. ಎಲ್ಲರಿಗೂ ಒಂದೇ ಇರಲಿ ಎಂದು ಇಟ್ಟ ಕ್ಯಾಶ್ (ಮತ್ತೆ ಮತ್ತೆ ಬೇಕಾಗುವ ಮಾಹಿತಿಯ ತಾತ್ಕಾಲಿಕ ಸಂಗ್ರಹ) ಕೂಡ ಎರಡಾಗುತ್ತದೆ.

‘ಸರ್ವಿಸ್ ಮಾಡಿಬಿಡಿ’ ಅನ್ನುತ್ತಾರೆ. ಅಂದರೆ ಯಾರೂ ಲಾಗಿನ್ ಆಗದಿದ್ದರೂ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ ಮಾಡಿ ಎಂದು. ಸರಿಯಾದ ಮಾತೇ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ, ಸರ್ವರ್‌ನ ಆಪ್‌ಐಡಿ (ಅದರ ಗುರುತಿನ ಸಂಖ್ಯೆ) ಕೆಳಗೆ ‘ಲೋಕಲ್‌ಸರ್ವಿಸ್’ ಎಂಬ ವ್ಯಾಲ್ಯೂ ಇಟ್ಟು ಸರ್ವಿಸ್‌ನ ಹೆಸರು ಕೊಟ್ಟರೆ, ಕಾಮ್ ಇಎಕ್ಸ್‌ಇಯನ್ನು ತಾನೇ ಎಬ್ಬಿಸುವುದಿಲ್ಲ, ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸರ್ವಿಸ್ ಕಂಟ್ರೋಲ್ ಮ್ಯಾನೇಜರ್ ಕೈಲಿ ಎಬ್ಬಿಸುತ್ತದೆ. (ಇದೇ ಹೆಸರಿನ ಒಂದು ಅಕೌಂಟ್ ಕೂಡ ಇದೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ!) ಕೊನೆಯ ಕ್ಲೈಂಟ್ ಹೋದ ಕೂಡಲೇ ಮುಚ್ಚಿಕೊಳ್ಳುವ ಹಳೇ ಕೋಡ್ ಇದ್ದರೆ ತೆಗೆಯಿರಿ. ಕೋಡ್ ಕಡೆ ಇಷ್ಟೇ ಮುಖ್ಯ.

ನಿಜವಾದ ಕೆಲಸ ಸರ್ವಿಸ್ ಯಾವ ಅಕೌಂಟ್‌ನಲ್ಲಿ ಓಡಬೇಕು ಎಂಬುದರಲ್ಲಿದೆ. ಬಹಳ ಜನ ಸುಮ್ನೆ ಲೋಕಲ್ ಸಿಸ್ಟಮ್ (ವಿಂಡೋಸ್‌ನದೇ ಹೆಚ್ಚು ಅಧಿಕಾರದ ಅಕೌಂಟ್) ಆರಿಸಿಬಿಡುತ್ತಾರೆ. ಆಮೇಲೆ ‘ಝಡ್’ ಡ್ರೈವ್ ಸಿಗುತ್ತಿಲ್ಲ ಅನ್ನುತ್ತಾರೆ. ಆ ಡ್ರೈವ್ ನಿಮ್ಮ ಲಾಗಿನ್‌ಗೆ ಮ್ಯಾಪ್ ಆಗಿದ್ದು, ಸರ್ವಿಸ್‌ಗೆ ಅದು ಇಲ್ಲವೇ ಇಲ್ಲ. ನಿಮ್ಮ ಪ್ರೊಫೈಲ್‌ನ ರಿಜಿಸ್ಟ್ರಿ ಸೆಟ್ಟಿಂಗ್‌ಗಳೂ ಅಷ್ಟೇ. ಸುಲಭದ ಪರೀಕ್ಷೆ ಬೇಕಾ? ಮೈಕ್ರೋಸಾಫ್ಟ್‌ನ ಪಿಎಸ್‌ಎಕ್ಸೆಕ್ ಎಂಬ ಉಪಕರಣಕ್ಕೆ ‘ಎಸ್’ ಸ್ವಿಚ್ ಕೊಟ್ಟು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅದು ಲೋಕಲ್ ಸಿಸ್ಟಮ್ ಹೆಸರಲ್ಲೇ ತೆರೆಯುತ್ತದೆ. ಅಲ್ಲಿ ಸಿಗದ ಪಾತ್ ಸರ್ವಿಸ್‌ಗೂ ಸಿಗಲ್ಲ.

ಇನ್ನೊಂದು ಕಾಟ ಮೆಸೇಜ್ ಬಾಕ್ಸ್. ವಿಸ್ಟಾ ಬಂದಾಗಿನಿಂದ ಸರ್ವಿಸ್‌ಗಳೆಲ್ಲ ಬಳಕೆದಾರರ ಪರದೆಯಿಂದ ಬೇರೆಯಾದ ‘ಸೆಷನ್ 0’ಯಲ್ಲಿ ಓಡುತ್ತವೆ. ಕೋಡ್‌ನ ಮೂಲೆಯಲ್ಲೆಲ್ಲೋ ‘ಫೈಲ್ ಸಿಗಲಿಲ್ಲ’ ಎಂಬ ಬಾಕ್ಸ್ ತೆರೆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಓಕೆ ಒತ್ತುವವರಿಲ್ಲ. ಕರೆದ ಥ್ರೆಡ್ ಅಲ್ಲೇ ನಿಂತಿರುತ್ತದೆ, ಆಚೆ ಕ್ಲೈಂಟ್ ‘ನಾಟ್ ರೆಸ್ಪಾಂಡಿಂಗ್’. ಎರರ್ ಆದರೆ ಈವೆಂಟ್ ಲಾಗ್‌ಗೆ ಬರೆಯಿರಿ. ಸರ್ವಿಸ್‌ನೊಳಗಿಂದ ಎಕ್ಸೆಲ್ ಓಡಿಸುವ ಆಸೆ ಬಿಡಿ, ಮೈಕ್ರೋಸಾಫ್ಟೇ ಬೇಡ ಅಂದಿದೆ.

ನನಗೆ ಜಾಸ್ತಿ ಚಿಂತೆ ಕೊಡುವುದು ಅನುಮತಿಯ ವಿಷಯ. ಮೊದಲು ಸರ್ವರ್ ಬಳಕೆದಾರರ ಹೆಸರಲ್ಲೇ ಓಡುತ್ತಿತ್ತು. ಅವರಿಗೆ ಹಕ್ಕಿಲ್ಲದ ಫೈಲ್ ಅನ್ನು ವಿಂಡೋಸೇ ತಡೆಯುತ್ತಿತ್ತು. ಈಗ ಸರ್ವಿಸ್‌ಗೆ ತನ್ನ ಅಕೌಂಟ್‌ಗೆ ಹಕ್ಕಿರುವ ಎಲ್ಲ ಫೈಲೂ ತೆರೆಯುತ್ತದೆ, ಕೇಳಿದವರಿಗೆಲ್ಲ ಕೊಟ್ಟೂಬಿಡುತ್ತದೆ. ಹಾಗಾಗಿ ಫೈಲ್ ಮುಟ್ಟುವ ಮೊದಲು ಕರೆದವರ ಹೆಸರು ತೊಡಿಸುವ ‘ಕೋಇಂಪರ್ಸನೇಟ್‌ಕ್ಲೈಂಟ್’ ಫಂಕ್ಷನ್ ಕರೆಯಬೇಕು, ಮುಗಿದ ಮೇಲೆ ತನ್ನ ಹೆಸರಿಗೇ ಮರಳಿಸುವ ‘ಕೋರಿವರ್ಟ್‌ಟುಸೆಲ್ಫ್’. ಕ್ಲೈಂಟ್ ಕಡೆ ಇಂಪರ್ಸನೇಷನ್ ಲೆವೆಲ್ (ತನ್ನ ಹೆಸರನ್ನು ಸರ್ವರ್ ಎಷ್ಟು ಬಳಸಬಹುದು ಎಂಬ ಸೆಟ್ಟಿಂಗ್) ‘ಐಡೆಂಟಿಫೈ’ನಲ್ಲೇ ಉಳಿದಿದ್ದರೆ ಕರೆದವರು ಯಾರೆಂದು ತಿಳಿಯುತ್ತದೆ, ಅವರ ಹೆಸರಲ್ಲಿ ಫೈಲ್ ತೆರೆಯಲು ಆಗುವುದಿಲ್ಲ. ಅದನ್ನು ‘ಇಂಪರ್ಸನೇಟ್’ಗೆ ಏರಿಸಬೇಕು. ಸರ್ವರ್ ಕಡೆಯ ಕೋಡ್ ನೋಡುತ್ತಾ ಕೂತರೆ ಇದು ಹೊಳೆಯುವುದೇ ಇಲ್ಲ.

ಬೇರೆ ಮೆಷಿನ್‌ನಿಂದ ಕರೆಯುವ ಹಳೇ ಕ್ಲೈಂಟ್‌ಗಳಿದ್ದರೆ 2023ರ ಮಾರ್ಚ್ ನೆನಪಿರಲಿ. ಡಿಕಾಮ್ (ನೆಟ್‌ವರ್ಕ್ ಮೇಲೆ ನಡೆಯುವ ಕಾಮ್) ಭದ್ರತೆಯ ಬಿಗಿ ನಿಯಮವನ್ನು ಆಫ್ ಮಾಡುವ ದಾರಿ ಆಗಲೇ ಮುಚ್ಚಿತು. ಆಕ್ಸೆಸ್ ಡಿನೈಡ್ ಬಂತು ಅಂತ ಸರ್ವಿಸ್‌ನ ಅಕೌಂಟ್ ಬದಲಿಸುವ ಮೊದಲು, ಕ್ಲೈಂಟ್‌ನ ಅಥೆಂಟಿಕೇಷನ್ ಲೆವೆಲ್ ಕನಿಷ್ಠ ‘ಪ್ಯಾಕೆಟ್ ಇಂಟೆಗ್ರಿಟಿ’ (ದಾರಿಯಲ್ಲಿ ಡೇಟಾ ಬದಲಾಗಿಲ್ಲ ಎಂದು ಪರಿಶೀಲಿಸುವ ಮಟ್ಟ) ಇದೆಯಾ ನೋಡಿ.