ವಾಟ್ಸಾಪ್‌ನಲ್ಲಿ ಬಂದ ದಾಖಲೆ ಸೋರಿದರೆ ವಕೀಲರ ಹೊಣೆ ಏನು?

ಪ್ರಶ್ನೆ: ಕಕ್ಷಿದಾರರ ದಾಖಲೆಗಳೆಲ್ಲ ನಮ್ಮ ಆಫೀಸಿಗೆ ವಾಟ್ಸಾಪ್‌ನಲ್ಲೇ ಬರುತ್ತವೆ. ಅದು ಎನ್‌ಕ್ರಿಪ್ಟ್ ಆಗಿರುವುದರಿಂದ ಸೋರುವ ಭಯವಿಲ್ಲ ಅಲ್ಲವೇ? ಹಾಗೊಂದು ವೇಳೆ ಸೋರಿದರೆ ಕಕ್ಷಿದಾರರಿಗೆ ಹೇಳಲೇಬೇಕೇ?
(ಕಾಸರಗೋಡಿನ ಕಿರಿಯ ವಕೀಲರಿಂದ)

ಉತ್ತರ: ಎರಡನೆಯದಕ್ಕೆ ಉತ್ತರ ಸಣ್ಣದು. ಹೇಳಲೇಬೇಕು, ಅದೂ ತಡಮಾಡದೆ. ಕಕ್ಷಿದಾರನ ಹಿತ ಕಾಯಬೇಕು, ಅವನಿಟ್ಟ ನಂಬಿಕೆಯ ದುರುಪಯೋಗ ಆಗಬಾರದು ಎಂದು ಬಾರ್ ಕೌನ್ಸಿಲ್ ನಿಯಮಗಳೇ ಹೇಳುತ್ತವೆ. ತನ್ನ ಕಾಗದ ಎದುರು ಪಕ್ಷದ ಕೈಸೇರಿದ್ದು ಗೊತ್ತಿಲ್ಲದೆ ಅವನು ರಾಜಿಗೆ ಕೂತರೆ ಅವನ ಹಿತ ಕಾಯ್ದಂತಾಗುವುದಿಲ್ಲ.

ಮೊದಲನೆಯದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಎನ್‌ಕ್ರಿಪ್ಷನ್ ಕಾಯುವುದು ದಾರಿಯನ್ನು ಮಾತ್ರ. ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಯಾರೂ ಓದಲಾರರು, ಅಷ್ಟೇ. ಎರಡೂ ತುದಿಗಳಲ್ಲಿ ಕಾಗದ ಬಿಚ್ಚಿಯೇ ಇರುತ್ತದೆ, ಸೋರುವುದೂ ಅಲ್ಲೇ.

ವಿದ್ಯಾನಗರದ ಕೋರ್ಟಿಗೆ ಇ-ಫೈಲಿಂಗ್ ಆಗಬೇಕಾದ ಒಂದು ಕ್ರಯಪತ್ರ ಸಾಗುವ ಬಗೆ ನೋಡಿ. ಕುಂಬಳೆಯ ಕಕ್ಷಿದಾರ ಫೋಟೊ ಕಳುಹಿಸುತ್ತಾನೆ. ನಿಮ್ಮ ಫೋನಿನಲ್ಲಿ ಆಟೊ ಡೌನ್‌ಲೋಡ್ ಆನ್ ಇದ್ದರೆ ಅದು ಗ್ಯಾಲರಿಗೆ ಬೀಳುತ್ತದೆ, ಬ್ಯಾಕಪ್ ಇದ್ದರೆ ಗೂಗಲ್ ಫೋಟೋಸ್‌ಗೂ ಹೋಗುತ್ತದೆ. ಗುಮಾಸ್ತರು ಪಿಡಿಎಫ್ ಮಾಡಿಸಲು ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆಯುತ್ತಾರೆ, ಕೆಲಸ ಮುಗಿದ ಮೇಲೆ ಟ್ಯಾಬ್ ಮುಚ್ಚುತ್ತಾರೆ. ಟ್ಯಾಬ್ ಮುಚ್ಚಿದ ಮಾತ್ರಕ್ಕೆ ಲಾಗ್‌ಔಟ್ ಆಗುವುದಿಲ್ಲ! ಮುಂದೆ ಬಂದವರು ಅದೇ ಬ್ರೌಸರಿನಲ್ಲಿ ನಿಮ್ಮ ಚಾಟ್‌ಗಳನ್ನೆಲ್ಲ ಓದಬಹುದು. ಲಾಗ್‌ಔಟ್ ಮಾಡಿದರೂ ಇಳಿಸಿಕೊಂಡ ಕಡತ ಡೌನ್‌ಲೋಡ್ಸ್‌ನಲ್ಲಿ ಹಾಗೇ ಉಳಿಯುತ್ತದೆ. ಅಳಿಸಿದರೆ ರಿಸೈಕಲ್ ಬಿನ್ನಿಗೆ ಹೋಗುತ್ತದೆ, ಅದನ್ನೂ ಖಾಲಿ ಮಾಡಬೇಕು. ಗೂಗಲ್ ಖಾತೆಗೆ ಹೋಗುವ ಚಾಟ್ ಬ್ಯಾಕಪ್‌ನ ಎನ್‌ಕ್ರಿಪ್ಷನ್ ಅನ್ನಂತೂ ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಆನ್ ಮಾಡಬೇಕು.

ಇಷ್ಟರಲ್ಲಿ ಯಾರೂ ಏನನ್ನೂ ಹ್ಯಾಕ್ ಮಾಡಲಿಲ್ಲ. ಆದರೂ ಇದು ಸೋರಿಕೆಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಕೈತಪ್ಪಿ ಬಹಿರಂಗವಾದದ್ದೂ ಸೇರುತ್ತದೆ, ಕಡತ ನಮ್ಮ ಕೈಗೇ ಸಿಗದಂತಾದದ್ದೂ ಸೇರುತ್ತದೆ. ‘ವ್ಯಾಜ್ಯಕ್ಕೆ ಅಲ್ಲಿ ವಿನಾಯಿತಿ ಇದೆಯಲ್ಲ’ ಎನ್ನುವವರು 17ನೇ ಕಲಮನ್ನು ಪೂರ್ತಿ ಓದಬೇಕು. ಕಾನೂನಿನ ಹಕ್ಕು ಸಾಧಿಸಲು ಬೇಕಾದ ಮಾಹಿತಿಗೆ ಹಲವು ವಿನಾಯಿತಿಗಳಿವೆ ನಿಜ. ಆದರೆ ಸೂಕ್ತ ಭದ್ರತೆ ಇಡಬೇಕೆನ್ನುವ 8(5)ನೇ ಕಲಮಿಗೆ ಆ ವಿನಾಯಿತಿ ಇಲ್ಲ. ಅದನ್ನು ಮೀರಿದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಈ ಹೊಣೆಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ. ಅಲ್ಲಿಯವರೆಗೆ ಆರಾಮ ಎಂದುಕೊಳ್ಳಬೇಡಿ. ಗೌಪ್ಯ ಕಾಯುವ ವೃತ್ತಿಧರ್ಮ ಈ ಕಾಯ್ದೆಗಿಂತ ಬಹಳ ಹಳೆಯದು, ತಪ್ಪಿದರೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ದುರ್ನಡತೆಯ ದೂರು ಬರಬಹುದು.

ಸೋರಿದ್ದು ಗೊತ್ತಾದ ಕೂಡಲೇ ಅಳಿಸಲು ಹೋಗಬೇಡಿ. ಮೊದಲು ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು, ಯಾವ ಸಾಧನ, ಕೊನೆಗೆ ಯಾವಾಗ ಬಳಕೆಯಾಗಿದೆ ಎಂಬುದರ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಲಾಗ್‌ಔಟ್ ಮಾಡಿ, ಟು-ಸ್ಟೆಪ್ ಪಿನ್ ಬದಲಿಸಿ. ತಪ್ಪು ನಂಬರಿಗೆ ಹೋಗಿದ್ದರೆ ‘ಡಿಲೀಟ್ ಫಾರ್ ಎವ್ರಿವನ್’ ಸಾಲದು, ಅವರು ಇಳಿಸಿಕೊಂಡದ್ದು ಉಳಿದಿರಬಹುದು. ಅಳಿಸಿದ್ದೇವೆಂದು ಅವರಿಂದ ಬರಹದಲ್ಲಿ ಪಡೆಯಿರಿ. ಕಕ್ಷಿದಾರರಿಗೂ ಬರಹದಲ್ಲೇ ತಿಳಿಸಿ: ಯಾವ ಕಾಗದ, ಯಾವಾಗ, ಯಾರ ಕೈಗೆ, ನೀವೇನು ಮಾಡಿದಿರಿ, ಅವರೇನು ಮಾಡಬೇಕು. ಆಧಾರ್ ಪ್ರತಿ ಹೋಗಿದ್ದರೆ ಬಯೋಮೆಟ್ರಿಕ್ ಲಾಕ್ ಮಾಡಿಸಲಿ, ಪಾಸ್‌ಬುಕ್ ಹೋಗಿದ್ದರೆ ಬ್ಯಾಂಕಿಗೆ ಹೇಳಲಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ನೀವು ಕೇಳದಿದ್ದರೂ ನಮ್ಮ ಗಡಿನಾಡಿನಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಕಾಸರಗೋಡು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ ಪತ್ರಗಳು ಕನ್ನಡದಲ್ಲಿವೆ, ಮಲಯಾಳಕ್ಕೋ ಇಂಗ್ಲಿಷಿಗೋ ಅನುವಾದವಾಗದೆ ಕೆಲಸ ಸಾಗದು. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನ ಗೌಪ್ಯತೆ ದುಭಾಷಿಗಳಿಗೂ, ವಕೀಲರ ಗುಮಾಸ್ತರು ಮತ್ತು ನೌಕರರಿಗೂ ಅನ್ವಯಿಸುತ್ತದೆ. ಡಿಟಿಪಿ ಅಂಗಡಿಯವರು ನಿಮ್ಮ ನೌಕರರಲ್ಲ. ಹಾಗಾಗಿ ಬೇಕಾದ ಪುಟಗಳನ್ನು ಮಾತ್ರ ಕೊಡಿ, ಆಧಾರ್ ಸಂಖ್ಯೆ ಮುಚ್ಚಿ ಕೊಡಿ, ಕೆಲಸ ಮುಗಿದ ಮೇಲೆ ಪ್ರತಿ ಉಳಿಸುವುದಿಲ್ಲ ಎಂದು ಒಂದು ಸಾಲು ಬರೆಸಿಕೊಳ್ಳಿ.