ಎನ್‌ಸಿಡಿ ಅನುದಾನ: ಚೆನ್ನಾಗಿರುವವರಿಗಾಗಿ ಬರುವ ಹಣ

ಆಶಾ ಕಾರ್ಯಕರ್ತೆ ಬಂದಾಗ ನನ್ನ ಸೋದರತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಆಶಾ ಚೀಲದಿಂದ ಒಂದು ಟೇಪು, ಒಂದು ಫಾರಂ ತೆಗೆದರು.

"ಅಮ್ಮಾ, ಸ್ವಲ್ಪ ಎದ್ದು ನಿಂತ್ಕೊಳ್ಳಿ. ಸೊಂಟದ ಅಳತೆ ತಗೋಬೇಕು."

"ನಂಗೇನಾಗಿದೆ ಮಗಾ? ಗಟ್ಟಿಮುಟ್ಟಾಗಿದ್ದೀನಲ್ಲ. ಕಾಯಿಲೆ ಇರೋರ ಮನೆಗೆ ಹೋಗು."

"ಕಾಯಿಲೆ ಇರೋರು ಆಸ್ಪತ್ರೆಗೇ ಹೋಗ್ತಾರಮ್ಮ. ನಾನು ಬಂದಿರೋದು ಚೆನ್ನಾಗಿರೋರನ್ನ ನೋಡೋಕೆ."

ಅಳತೆ 80 ಸೆಂಟಿಮೀಟರ್ ದಾಟಿತ್ತು. ಎಲೆ ಅಡಿಕೆ ಜೊತೆ ದಿನಾ ಹೊಗೆಸೊಪ್ಪು ಬೇಕೇ ಬೇಕು. ಅತ್ತೆಯ ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಒಂದೊಂದಕ್ಕೂ ಫಾರಂನಲ್ಲಿ ಅಂಕ ಇದೆ. ಕೂಡಿದರೆ 4 ದಾಟಿತು. ಮುಂದಿನ ವಾರ ಉಪಕೇಂದ್ರದಲ್ಲಿ ಬೆರಳು ಚುಚ್ಚಿ ನೋಡಿದರು. ಶುಗರ್ ಜಾಸ್ತಿ ಇತ್ತು. ಎಷ್ಟು ದಿನದಿಂದ ಇತ್ತೋ, ಅತ್ತೆಗೆ ಗೊತ್ತೇ ಇರಲಿಲ್ಲ.

ಆ ಫಾರಂ ತುಂಬಿದ್ದಕ್ಕೆ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಆಶಾಗೆ ಸಿಗುವುದು 10 ರೂಪಾಯಿ. ಆ 10 ರೂಪಾಯಿ, ಬೆರಳು ಚುಚ್ಚಿದ ಸೂಜಿ, ರಕ್ತದ ಹನಿ ಬಿದ್ದ ಸ್ಟ್ರಿಪ್, ಆಮೇಲೆ ಅತ್ತೆಗೆ ಕೊಟ್ಟ ಮಾತ್ರೆ ಇವೆಲ್ಲದರ ಹಿಂದೆ ಸರ್ಕಾರದ ಒಂದು ಹಣ ಇದೆ. ಆರೋಗ್ಯ ಇಲಾಖೆಯ ಕಚೇರಿಗಳಲ್ಲಿ ಅದಕ್ಕೆ 'ಎನ್‌ಸಿಡಿ ಅನುದಾನ' ಅನ್ನುತ್ತಾರೆ. ಇವತ್ತು ಈ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಎನ್‌ಸಿಡಿ ಅಂದರೆ ಒಬ್ಬರಿಂದ ಒಬ್ಬರಿಗೆ ಅಂಟದ ಕಾಯಿಲೆ. ಸರ್ಕಾರಿ ಕಾಗದದಲ್ಲಿ 'ಅಸಾಂಕ್ರಾಮಿಕ ರೋಗ' ಅಂತ ಬರೆಯುತ್ತಾರೆ. ಶುಗರ್, ಬಿಪಿ, ಹೃದಯದ ಕಾಯಿಲೆ, ಪಾರ್ಶ್ವವಾಯು, ಕ್ಯಾನ್ಸರ್ ಎಲ್ಲ ಇದರೊಳಗೆ ಬರುತ್ತವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಕೋಣೆಯ ಮೇಲೆ 'ಎನ್‌ಸಿಡಿ ಕ್ಲಿನಿಕ್' ಅಂತ ಬೋರ್ಡು ನೋಡಿರುತ್ತೀರಿ. ಜನ ಅದನ್ನು ಬಿಪಿ-ಶುಗರ್ ರೂಮ್ ಅಂತಲೇ ಕರೆಯುತ್ತಾರೆ.

ಇನ್ನು 'ಅನುದಾನ'. ಈ ಪದದೊಳಗೆ 'ದಾನ' ಇದೆ. ಅದೇ ನಮ್ಮನ್ನು ದಾರಿ ತಪ್ಪಿಸುತ್ತದೆ. ದಾನ ಕೊಟ್ಟವರು ಲೆಕ್ಕ ಕೇಳುವುದಿಲ್ಲ. ಅನುದಾನ ಕೊಟ್ಟವರು ಕೇಳಿಯೇ ಕೇಳುತ್ತಾರೆ. ಅನುದಾನಿತ ಶಾಲೆ ನಮಗೆಲ್ಲ ಗೊತ್ತಿದೆ ಅಲ್ವಾ? ಶಾಲೆ ನಡೆಸುವುದು ಖಾಸಗಿ ಆಡಳಿತ ಮಂಡಳಿ, ಮೇಷ್ಟರ ಸಂಬಳ ಸರ್ಕಾರದ್ದು. ಸಂಬಳದ ಜೊತೆ ನಿಯಮಗಳೂ ಬರುತ್ತವೆ. ಇಲ್ಲಿಯೂ ಹಾಗೆಯೇ. ಇಂಥ ಕೆಲಸಕ್ಕೆ, ಇಷ್ಟು ಹಣ, ಇಷ್ಟು ದಿನದೊಳಗೆ ಖರ್ಚು ಮಾಡಿ ಲೆಕ್ಕ ಕೊಡಿ ಅಂತ ಹೇಳಿ ಕೊಡುವ ಹಣವೇ ಅನುದಾನ. ವಾಪಸ್ ಕೊಡಬೇಕಿಲ್ಲ, ಹಾಗಾಗಿ ಸಾಲವಲ್ಲ. ಬೇರೆ ಕೆಲಸಕ್ಕೆ ತಿರುಗಿಸುವಂತಿಲ್ಲ, ಹಾಗಾಗಿ ಉಡುಗೊರೆಯೂ ಅಲ್ಲ.

ಇದು ದೆಹಲಿಯಿಂದ ಯಾಕೆ ಬರಬೇಕು? ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಎಲ್ಲ ರಾಜ್ಯಗಳ ಪಟ್ಟಿಯಲ್ಲಿರುವ ವಿಷಯ. ಆದರೆ 282ನೇ ವಿಧಿ ಒಂದು ಬಾಗಿಲು ತೆರೆದಿಟ್ಟಿದೆ. ಕಾನೂನು ಮಾಡುವ ಅಧಿಕಾರ ತನಗಿಲ್ಲದ ವಿಷಯಕ್ಕೂ, ಅದು ಜನರಿಗೆ ಬೇಕಾದ ಕೆಲಸವಾಗಿದ್ದರೆ, ಕೇಂದ್ರ ಅನುದಾನ ಕೊಡಬಹುದು. ಉಪಕೇಂದ್ರದ ಮೇಜಿನ ಮೇಲಿರುವ ಆ ಶುಗರ್ ಮಿಷನ್ನಿಗೂ ಸಂವಿಧಾನದ ಒಂದು ಸಾಲಿಗೂ ಹೀಗೆ ನಂಟಿದೆ ಅಂತ ಗೊತ್ತಾದ ದಿನ ನನಗೆ ನಿಜಕ್ಕೂ ಖುಷಿಯಾಗಿತ್ತು.

ಸಕ್ಕರೆ ಕಾಯಿಲೆ, ಹೃದ್ರೋಗಗಳಿಗಾಗಿಯೇ ಈ ಹಣ ದೊಡ್ಡ ಮಟ್ಟದಲ್ಲಿ ಬರಲು ಶುರುವಾದದ್ದು 2010ರಲ್ಲಿ. ಕ್ಯಾನ್ಸರ್, ಮಧುಮೇಹ, ಹೃದಯ ಮತ್ತು ರಕ್ತನಾಳಗಳ ಕಾಯಿಲೆ, ಪಾರ್ಶ್ವವಾಯು ಇವುಗಳ ತಡೆಗೆ ಒಂದು ರಾಷ್ಟ್ರೀಯ ಕಾರ್ಯಕ್ರಮ ಬಂತು. ಮೊದಲ ಹಂತದಲ್ಲಿ 21 ರಾಜ್ಯಗಳ 100 ಜಿಲ್ಲೆಗಳಷ್ಟೇ. ನಮ್ಮಲ್ಲಿ ಕೋಲಾರ, ಶಿವಮೊಗ್ಗ ಮೊದಲ ಸಾಲಿನಲ್ಲಿದ್ದವು. 2013-14ರಲ್ಲಿ ಈ ಕಾರ್ಯಕ್ರಮ ರಾಷ್ಟ್ರೀಯ ಆರೋಗ್ಯ ಅಭಿಯಾನದೊಳಗೆ ಸೇರಿತು. 2016ರ ನಂತರ ಇನ್ನೂ ದೊಡ್ಡ ಬದಲಾವಣೆ ಆಯಿತು. ರೋಗಿ ಬರಲಿ ಅಂತ ಕಾಯುವುದನ್ನು ಬಿಟ್ಟು, 30 ವರ್ಷ ದಾಟಿದ ಪ್ರತಿಯೊಬ್ಬರನ್ನೂ ಹುಡುಕಿಕೊಂಡು ಹೋಗಿ ತಪಾಸಣೆ ಮಾಡಬೇಕು ಅಂತಾಯಿತು. ಅತ್ತೆಯ ಸೊಂಟಕ್ಕೆ ಟೇಪು ಬಂದದ್ದು ಆ ತೀರ್ಮಾನದಿಂದ. 2023ರಲ್ಲಿ ಕಾರ್ಯಕ್ರಮದ ಹೆಸರು ಚಿಕ್ಕದಾಯಿತು, ಪಟ್ಟಿ ಉದ್ದವಾಯಿತು. ಉಬ್ಬಸ, ಮೂತ್ರಪಿಂಡದ ಕಾಯಿಲೆ, ಕುಡಿಯದವರಿಗೂ ಬರುವ ಕೊಬ್ಬಿನ ಲಿವರ್ ಇವೂ ಸೇರಿಕೊಂಡವು.

ಹಣ ಬರುವ ದಾರಿ ಉದ್ದ. ಆದರೆ ಒಂದು ಸಲ ತಿಳಿದುಕೊಂಡರೆ ಕಷ್ಟವಿಲ್ಲ. ಮೊದಲು ಜಿಲ್ಲೆಯವರು ತಮಗೆ ಏನೇನು ಬೇಕು ಅಂತ ಲೆಕ್ಕ ಹಾಕುತ್ತಾರೆ. ಎಷ್ಟು ಸ್ಟ್ರಿಪ್, ಎಷ್ಟು ನರ್ಸ್, ಎಷ್ಟು ಔಷಧಿ. ಜಿಲ್ಲೆಗಳ ಲೆಕ್ಕ ಕೂಡಿಸಿ ರಾಜ್ಯ ಒಂದು ದೊಡ್ಡ ಯೋಜನೆ ಮಾಡುತ್ತದೆ. ಕಚೇರಿಯ ಮಾತಿನಲ್ಲಿ ಅದು ಪಿಐಪಿ. ಈಗ ಇದನ್ನು ಎರಡು ವರ್ಷಕ್ಕೊಮ್ಮೆ ಮಾಡುತ್ತಾರೆ. ದೆಹಲಿಯವರು ಕೂತು ಸಾಲು ಸಾಲಾಗಿ ನೋಡಿ, ಕೆಲವನ್ನು ಒಪ್ಪಿ, ಕೆಲವನ್ನು ಕಡಿತ ಮಾಡಿ ಮಂಜೂರಾತಿ ಪತ್ರ ಕಳಿಸುತ್ತಾರೆ. ಅದೇ ಆರ್‌ಒಪಿ. ಮಂಜೂರಾದದ್ದರಲ್ಲಿ 100 ರೂಪಾಯಿಗೆ 60 ಕೇಂದ್ರದ್ದು, 40 ಕರ್ನಾಟಕದ್ದು. ಈಶಾನ್ಯದ ಮತ್ತು ಹಿಮಾಲಯದ ರಾಜ್ಯಗಳಿಗೆ ಇದು 90 ಮತ್ತು 10.

ಮಂಜೂರಾದ ಮಾತ್ರಕ್ಕೆ ಪೂರ್ತಿ ಹಣ ಕೈಗೆ ಬಂತು ಅಂತಲ್ಲ. ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತು ಖರ್ಚಾಗಿದೆ, ಹೇಳಿದ ಕೆಲಸಕ್ಕೇ ಖರ್ಚಾಗಿದೆ ಅಂತ ಬರೆದುಕೊಡಬೇಕು. ಆ ಕಾಗದಕ್ಕೆ ಹಣ ಬಳಕೆ ಪ್ರಮಾಣಪತ್ರ ಅನ್ನುತ್ತಾರೆ. ಬಾಯಿಮಾತಿನಲ್ಲಿ ಯುಸಿ. ಯುಸಿ ತಡವಾದರೆ ಮುಂದಿನ ಕಂತೂ ತಡ. ಖರೀದಿಯ ಕಾಗದ ಎಲ್ಲೋ ಒಂದು ಮೇಜಿನ ಮೇಲೆ ಕೂತರೆ ಉಪಕೇಂದ್ರದಲ್ಲಿ ಸ್ಟ್ರಿಪ್ ಖಾಲಿ. ಒಂದು ಸಲ ಅತ್ತೆ ಹೋದಾಗ ಹಾಗೇ ಆಗಿತ್ತು. ಮಿಷನ್ ಇದೆ, ಸಿಸ್ಟರ್ ಇದ್ದಾರೆ, ಸ್ಟ್ರಿಪ್ ಇಲ್ಲ. ಅಷ್ಟು ದೂರ ನಡೆದು ಹೋದ ಹಿರಿಯ ಹೆಂಗಸು ಸುಮ್ನೆ ವಾಪಸ್ ಬಂದರು. ಇಂಥದ್ದು ಎರಡು ಸಲ ಆದರೆ ಮೂರನೇ ಸಲ ಯಾರು ಹೋಗುತ್ತಾರೆ ಹೇಳಿ. ಇನ್ನೊಂದು ಕಡೆ ಮಾರ್ಚ್ ಬಂತೆಂದರೆ ಅನುದಾನ ಲ್ಯಾಪ್ಸ್ ಆಗುತ್ತದೆ ಅಂತ ಅವಸರ ಶುರುವಾಗುತ್ತದೆ. ಕಾಯಿಲೆಗೆ ಮಾರ್ಚ್ ಗೊತ್ತಿಲ್ಲ. ವರ್ಷವಿಡೀ ಒಂದೇ ಸಮನೆ ಹರಿಯಬೇಕಾದ ಹಣ ಇದು.

ಕೇಂದ್ರದ ಹಣವನ್ನು ರಾಜ್ಯಗಳಿಗೆ ಹೇಗೆ ಹಂಚಬೇಕು ಅಂತ ಹೇಳುವ ಹಣಕಾಸು ಆಯೋಗದ ಮಾತಿನಂತೆ ಬಂದ ಇನ್ನೊಂದು ಅನುದಾನವೂ ಇದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ತನಕದ ಐದು ವರ್ಷಕ್ಕೆ ಆರೋಗ್ಯಕ್ಕಾಗಿ 70,051 ಕೋಟಿ ರೂಪಾಯಿಯನ್ನು ಸ್ಥಳೀಯ ಸಂಸ್ಥೆಗಳ ಮೂಲಕ ಕೊಡಲು ಹೇಳಿತು. ಕಟ್ಟಡವಿಲ್ಲದ ಉಪಕೇಂದ್ರ, ನಗರದ ಸಣ್ಣ ಆರೋಗ್ಯ ಕೇಂದ್ರ, ಪ್ರಾಥಮಿಕ ಹಂತದಲ್ಲೇ ರಕ್ತಪರೀಕ್ಷೆಯ ವ್ಯವಸ್ಥೆ ಇವಕ್ಕೆಲ್ಲ ಆ ಹಣ.

ಎನ್‌ಸಿಡಿ ಅನುದಾನದ ಬಗ್ಗೆ ನಾನು ಹೇಳಿದಾಗ ಅಣ್ಣ ಕೇಳಿದ ಮೊದಲ ಪ್ರಶ್ನೆ, "ಅತ್ತೆ ಅಕೌಂಟಿಗೆ ಎಷ್ಟು ಬರುತ್ತೆ?" ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ. ಈ ಹಣ ಯಾರ ಖಾತೆಗೂ ಬರುವುದಿಲ್ಲ. ಅರ್ಜಿ ಹಾಕಿದರೆ ಕೊಡಿಸುತ್ತೇನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದು ನಿಮಗೆ ತಲುಪುವುದು ಪರೀಕ್ಷೆಯಾಗಿ, ಮಾತ್ರೆಯಾಗಿ, ಮನೆಗೆ ಬರುವ ಆಶಾ ರೂಪದಲ್ಲಿ. ಆಸ್ಪತ್ರೆ ಸೇರಿದ ಮೇಲೆ ಬಿಲ್ಲು ತೀರಿಸುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಬೇರೆಯೇ ಯೋಜನೆ. ಅದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಇದೆ. ಹೃದಯಾಘಾತ ಆದ ತಕ್ಷಣ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಬೇರೆ. ಜೀವ ಉಳಿಸುವ ಕೆಲಸ ಅದು, ಬಹಳ ದೊಡ್ಡದು. ಆದರೆ ಅಲ್ಲಿಗೆ ಹೋಗುವ ಹೊತ್ತಿಗೆ ಹೃದಯಕ್ಕೆ ಏಟು ಬಿದ್ದಾಗಿರುತ್ತದೆ.

ಇಲ್ಲಿ 'ತಡೆ' ಅನ್ನುವ ಮಾತನ್ನೂ ಸ್ವಲ್ಪ ನಿಂತು ನೋಡಬೇಕು. ಕಾಯಿಲೆ ಬರದಂತೆ ನೋಡಿಕೊಳ್ಳುವುದು ಒಂದು ತಡೆ. ಬಂದದ್ದನ್ನು ಬೇಗ ಕಂಡುಹಿಡಿಯುವುದು ಇನ್ನೊಂದು. ಕಂಡುಹಿಡಿದ ಮೇಲೆ ಕಣ್ಣು, ಕಿಡ್ನಿ, ಕಾಲು ಹಾಳಾಗದಂತೆ ಕಾಯುವುದು ಮತ್ತೊಂದು. ಎನ್‌ಸಿಡಿ ಅನುದಾನದಲ್ಲಿ ನಮ್ಮ ಕಣ್ಣಿಗೆ ಕಾಣುವ ಕೆಲಸವೆಲ್ಲ ಹೆಚ್ಚಾಗಿ ಎರಡನೆಯದು, ಮೂರನೆಯದು. ಅತ್ತೆಗೆ ಆದದ್ದೂ ಎರಡನೆಯದೇ. ಮೊದಲನೆಯ ತಡೆಗೆ ಅರಿವಿನ ಜಾಥಾ, ಗೋಡೆಬರಹ, ಕರಪತ್ರ ಇರುತ್ತವೆ. ಇಲಾಖೆಯವರು ಅದನ್ನು ಐಇಸಿ ಅನ್ನುತ್ತಾರೆ. ಗೋಡೆಬರಹ ಓದಿ ಉಪ್ಪು ಕಡಿಮೆ ಮಾಡಿದವರು ಎಷ್ಟು ಜನ? ನನಗಂತೂ ಇಲ್ಲಿ ದೊಡ್ಡ ಕೊರತೆ ಕಾಣುತ್ತದೆ.

ಯಾಕೆಂದರೆ ಮೊದಲನೆಯ ತಡೆ ನಿಜವಾಗಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಪುರಾವೆ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ, ಶುಗರ್ ಗಡಿ ಹತ್ತಿರ ಬಂದಿದ್ದ 531 ಜನರನ್ನು ಗುಂಪು ಮಾಡಿ ನೋಡಿತು. ಫಲಿತಾಂಶ ಹೊರಬಂದದ್ದು 2006ರಲ್ಲಿ. ಸಾಮಾನ್ಯ ಸಲಹೆಯಷ್ಟೇ ಸಿಕ್ಕ ಗುಂಪಿನಲ್ಲಿ ಮೂರು ವರ್ಷದಲ್ಲಿ 100ಕ್ಕೆ 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ನಡಿಗೆ, ಊಟದ ಹತೋಟಿಯನ್ನು ಬೆನ್ನುಹತ್ತಿ ಮಾಡಿಸಿದ ಗುಂಪಿನಲ್ಲಿ ಅದು ಸುಮಾರು 39ಕ್ಕೆ ಇಳಿಯಿತು. ಯಾವ ದುಬಾರಿ ಮಿಷನ್ನೂ ಬೇಕಾಗಲಿಲ್ಲ. ಆದರೆ ಪದೇ ಪದೇ ಮಾತಾಡಿಸುವ ಮನುಷ್ಯರು ಬೇಕಾದರು. ಅಂದರೆ ಅವರ ಸಂಬಳಕ್ಕೆ ಹಣ ಬೇಕು.

ಈಗ ಈ ಲೆಕ್ಕವನ್ನು ದೇಶಕ್ಕೆ ಹಿಡಿದು ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ನಡೆದು 2023ರಲ್ಲಿ ಬಂದ 'ಇಂಡಿಯಾಬ್' ಅಧ್ಯಯನದ ಪ್ರಕಾರ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಗಡಿಯಲ್ಲಿ ನಿಂತವರು 13.6 ಕೋಟಿ. ಈ 13.6 ಕೋಟಿ ಜನರಲ್ಲಿ ಹೆಚ್ಚಿನವರಿಗೆ ಯಾವ ನೋವೂ ಇಲ್ಲ, ಮಾತ್ರೆಯೂ ಇಲ್ಲ. ಚೆನ್ನಾಗಿದ್ದೀನಲ್ಲ ಅಂತಲೇ ಹೇಳುತ್ತಾರೆ. ಅನುದಾನ ಮೊದಲು ತಲುಪಬೇಕಾದದ್ದು ಇವರನ್ನು. ಆದರೆ ಇವರು ಯಾವ ಸಾಲಿನಲ್ಲೂ ನಿಂತು ಕೇಳುವುದಿಲ್ಲ. ಹೊಸ ಆಸ್ಪತ್ರೆಗೆ ಟೇಪು ಕತ್ತರಿಸಬಹುದು. ಬರದೇ ಹೋದ ಕಾಯಿಲೆಗೆ ಏನು ಕತ್ತರಿಸುವುದು? ಬಜೆಟ್‌ನಲ್ಲಿ ತಡೆಯ ಹಣಕ್ಕೆ ದನಿ ಎತ್ತುವವರು ಕಡಿಮೆ ಇರುವುದು ಇದರಿಂದಲೇ ಅಂತ ನನಗನ್ನಿಸುತ್ತದೆ. ಆ 10 ರೂಪಾಯಿಯೂ ತೀರಾ ಕಡಿಮೆ. ಒಂದು ಮನೆಗೆ ಎರಡು ಸಲ ಹೋಗಿ, ಬೈಸಿಕೊಂಡು, ಒಪ್ಪಿಸಿ ಅಳತೆ ತೆಗೆಯುವ ಕೆಲಸ ಅದು.

ರಾಜ್ಯದಲ್ಲಿ ಒಳ್ಳೆಯ ಹೆಜ್ಜೆಗಳೂ ಇವೆ. 2024ರಲ್ಲಿ ಕೋಲಾರದಿಂದ ಶುರುವಾದ 'ಗೃಹ ಆರೋಗ್ಯ' ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ.

ಊರಿನವರು ನೇರವಾಗಿ ಕೈಹಾಕಬಹುದಾದ ಒಂದು ಚಿಕ್ಕ ಹಣವೂ ಇದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯ ತನಕ ಮುಕ್ತ ನಿಧಿ ಕೊಡಲು ಅವಕಾಶವಿದೆ. ಇಂಥದಕ್ಕೇ ಅಂತ ಕಟ್ಟಿಹಾಕದ ಹಣ ಆದ್ದರಿಂದ ಮುಕ್ತ ನಿಧಿ. ಸಮಿತಿಯಲ್ಲಿ ಪಂಚಾಯಿತಿ ಸದಸ್ಯರು, ಆಶಾ ಇರುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಆರೋಗ್ಯ ರಕ್ಷಾ ಸಮಿತಿ ಇದೆ. ಸ್ಟ್ರಿಪ್ ಎಷ್ಟಿದೆ, ಬಿಪಿ ಮಾತ್ರೆ ಎಷ್ಟು ದಿನಕ್ಕೆ ಸಾಕು, 30 ದಾಟಿದವರಲ್ಲಿ ಎಷ್ಟು ಜನರ ತಪಾಸಣೆ ಆಗಿದೆ ಅಂತ ಅಲ್ಲಿ ಕೇಳಬಹುದು. ಕೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆಯಿಸಿ. ಮುಂದಿನ ಸಲ ಜಿಲ್ಲೆಯವರು ತಮಗೆ ಏನು ಬೇಕು ಅಂತ ಲೆಕ್ಕ ಹಾಕುವಾಗ ತೋರಿಸಲು ಒಂದು ದಾಖಲೆ ಇರುತ್ತದೆ.

ಅತ್ತೆ ಈಗ ತಿಂಗಳಿಗೊಮ್ಮೆ ಉಪಕೇಂದ್ರಕ್ಕೆ ಹೋಗುತ್ತಾರೆ. ಹೊರಡುವ ಮುಂಚೆ ಆಶಾಗೆ ಒಂದು ಫೋನು, "ಸ್ಟ್ರಿಪ್ ಇದೆಯೇನಮ್ಮಾ ಇವತ್ತು?"